ಆನೆ ಮೇಲೆ ಕೂತು ನಮ್ಮ ರಾಮನಗರದ ಬಂಡೆಗೆ ಬಂದ ಆ ಅಜ್ಜಿ ಯಾರು? (ಪೆಗ್ಗಿ ಆ್ಯಶ್‌ಕ್ರಾಫ್ಟ್ ಬಗ್ಗೆ)

ಬಂಡೆಮೇಲೆ

ನಮ್ಮೂರು ರಾಮನಗರ. ಹೆಸರು ಹೇಳಿದ ಕೂಡಲೇ ಎದುರಿನವರು "ಓ, ಶೋಲೆ!" ಅನ್ನುತ್ತಾರೆ. ಅದಕ್ಕೆ ನಕ್ಕು ನಕ್ಕು ನನಗೆ ಸಾಕಾಗಿದೆ. ಹೋದ ಭಾನುವಾರ ಅಮ್ಮನ ಜೊತೆ ಕೂತು ‘ಎ ಪ್ಯಾಸೇಜ್ ಟು ಇಂಡಿಯಾ’ ನೋಡಿದೆ. 1984ರ ಸಿನಿಮಾ, ಡೇವಿಡ್ ಲೀನ್ ನಿರ್ದೇಶನ. ಅದರಲ್ಲಿ ಮರಾಬಾರ್ ಗುಹೆ ಅಂತ ತೋರಿಸಿರುವುದು ನಮ್ಮ ರಾಮದೇವರಬೆಟ್ಟ ಮತ್ತು ಸಾವನದುರ್ಗದ ಬಂಡೆಗಳನ್ನು. ಅಮ್ಮನಿಗೆ ಖುಷಿಯೋ ಖುಷಿ. ಟೀವಿ ಹತ್ತಿರ ಹೋಗಿ ಬೆರಳಿಟ್ಟು "ಇದು ನಮ್ದೇ ಕಲ್ಲು" ಅಂದರು.

ಆಮೇಲೆ ಅಮ್ಮ ಕಲ್ಲು ಬಿಟ್ಟು ಒಬ್ಬ ಅಜ್ಜಿಯನ್ನೇ ನೋಡತೊಡಗಿದರು. ಮಿಸೆಸ್ ಮೂರ್ ಅನ್ನುವ ಪಾತ್ರ. ರಾತ್ರಿ ಹೊತ್ತು ಬೆಳದಿಂಗಳಲ್ಲಿ ಒಬ್ಬರೇ ಹಳೇ ಮಸೀದಿಯೊಳಗೆ ಬರುತ್ತಾರೆ. ಒಳಗಿದ್ದ ಡಾಕ್ಟರ್ ಅಜೀಜ್ ಬೆಚ್ಚಿ, ಚಪ್ಪಲಿ ಬಿಡದೆ ಬಂದಿದ್ದೀರಿ ಅಂತ ರೇಗುತ್ತಾನೆ. ಅಜ್ಜಿ ಆಗಲೇ ಬಾಗಿಲಲ್ಲೇ ಬಿಟ್ಟು ಬಂದಿರುತ್ತಾರೆ. ಅದನ್ನು ಹೇಳುವ ರೀತಿ ನೋಡಬೇಕು. ಜಗಳಕ್ಕೂ ಹೋಗಲ್ಲ, ತಪ್ಪಾಯಿತು ಅಂತ ಕುಗ್ಗುವುದೂ ಇಲ್ಲ. ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ "ಈ ಅಜ್ಜಿ ಆ್ಯಕ್ಟಿಂಗೇ ಮಾಡ್ತಿಲ್ಲ ಕಣೋ" ಅಂದರು.

ಹುಡುಕಿ ನೋಡಿದರೆ ಹೆಸರು ಪೆಗ್ಗಿ ಆ್ಯಶ್‌ಕ್ರಾಫ್ಟ್. ಈ ಪಾತ್ರಕ್ಕೆ ಪೋಷಕ ನಟಿ ಆಸ್ಕರ್ ಬಂದಾಗ 77 ವರ್ಷ. ಅಷ್ಟು ವಯಸ್ಸಾಗಿದ್ದರೂ ಸಿನಿಮಾ ಪಟ್ಟಿ ಮಾತ್ರ ಇಷ್ಟೇ ಇಷ್ಟು. ಅಲ್ಲಿವರೆಗೆ ಈಯಮ್ಮ ಎಲ್ಲಿದ್ದರು? ಗೊತ್ತಿದ್ದವರು ಹೇಳಿ.

ಹಿಂದಿನಸಾಲು

ಎಲ್ಲಿದ್ದರು ಅಂದರೆ, ರಂಗದ ಮೇಲೆ. 1926ರಿಂದ!

ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರಿನಲ್ಲಿ ‘ಡಿಯರ್ ಬ್ರೂಟಸ್’ ನಾಟಕ, ಎದುರಿಗೆ ರಾಲ್ಫ್ ರಿಚರ್ಡ್‌ಸನ್. ಆಗ ಪೆಗ್ಗಿಗೆ 18, ಇನ್ನೂ ಓದುತ್ತಿದ್ದರು. ಎಲ್ಸೀ ಫೋಗರ್ಟಿ ನಡೆಸುತ್ತಿದ್ದ ಸೆಂಟ್ರಲ್ ಸ್ಕೂಲ್ ಅನ್ನುವ ನಟನೆಯ ಶಾಲೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಟ್ಟಡದೊಳಗೆ ಇತ್ತು. ಜೊತೆಗೆ ಕಲಿಯುತ್ತಿದ್ದ ಹುಡುಗ, ಮುಂದೆ ದೊಡ್ಡ ನಟನಾದ ಲಾರೆನ್ಸ್ ಒಲಿವಿಯೇ. ಅಲ್ಲಿ ಉಚ್ಚಾರ, ದನಿ, ನಿಲುವು ಇವುಗಳ ಮೇಲೇ ಜೋರು. ಪೆಗ್ಗಿಗೆ ಅದು ಹಿಡಿಸಲಿಲ್ಲ. ರಷ್ಯಾದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥೆ ಕೈಗೆ ಸಿಕ್ಕಿದ್ದೇ ಅವರ ನಿಜವಾದ ಪಾಠ ಆಯಿತು.

ನಿಮ್ಮ ಅಮ್ಮ ಹೇಳಿದ ಮಾತಿದೆಯಲ್ಲ, ಅದನ್ನೇ ಇಂಗ್ಲೆಂಡಿನ ವಿಮರ್ಶಕರು ಅರವತ್ತು ವರ್ಷ ಬೇರೆ ಬೇರೆ ಥರ ಬರೆದಿದ್ದಾರೆ ನೋಡಿ.

ಕ್ರಾಯ್ಡನ್‌ಕನ್ನಡಿಗ

ಈ ಚರ್ಚೆ ಕಣ್ಣಿಗೆ ಬಿದ್ದು ಸ್ವಲ್ಪ ನಾಚಿಕೆ ಆಯಿತು. ನಾನಿರುವುದು ಕ್ರಾಯ್ಡನ್‌ನಲ್ಲಿ, ಲಂಡನ್ನಿನ ದಕ್ಷಿಣಕ್ಕೆ. ಇಲ್ಲಿನ ಫೇರ್‌ಫೀಲ್ಡ್ ಹಾಲ್ಸ್‌ನಲ್ಲಿ ‘ಆ್ಯಶ್‌ಕ್ರಾಫ್ಟ್’ ಅಂತ ಒಂದು ಥಿಯೇಟರ್ ಇದೆ. ಎಷ್ಟು ಸಲ ಒಳಗೆ ಹೋಗಿ ಬಂದಿದ್ದೇನೋ ಲೆಕ್ಕ ಇಲ್ಲ. ಯಾರೋ ದಾನ ಕೊಟ್ಟ ಸಾಹುಕಾರರ ಹೆಸರಿರಬೇಕು ಅಂದುಕೊಂಡಿದ್ದೆ. ಕಲ್ಯಾಣ ಮಂಟಪಗಳ ಅಭ್ಯಾಸ!

ಪೆಗ್ಗಿ ಹುಟ್ಟಿದ್ದು ಇದೇ ಊರಲ್ಲಿ, 1907ರ ಡಿಸೆಂಬರ್ 22ರಂದು. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಅಮ್ಮ ಹವ್ಯಾಸಿ ನಟಿ. ಥಿಯೇಟರಿಗೆ ಹೆಸರಿಟ್ಟಿದ್ದು 1962ರಲ್ಲಿ, ಆಕೆ ಇನ್ನೂ ಜೋರಾಗಿ ಪಾತ್ರ ಮಾಡುತ್ತಿದ್ದಾಗಲೇ. ಆಕೆಯ ಅತಿ ದೊಡ್ಡ ಕೆಲಸ ಅಂತ ಎಲ್ಲರೂ ಹೇಳುವ ಒಂದು ಪಾತ್ರ ಅದರ ಮುಂದಿನ ವರ್ಷ ಬಂತು. ಅದನ್ನು ಹಿಂದಿನಸಾಲು ಅವರೇ ಹೇಳಲಿ, ನಾನು ಓದಿದ್ದು ಬರೀ ಗೋಡೆ ಮೇಲಿದ್ದಷ್ಟು.

ನೇರಮಾತು

ಎಲ್ಲರೂ ಹೊಗಳುವ ಮುಂಚೆ ಒಂದು ಮಾತು. ಆ ಆಸ್ಕರ್ ಆ ಪಾತ್ರಕ್ಕೇ ಬಂದಿದ್ದು ಅಂತ ನನಗನ್ನಿಸಲ್ಲ. ವಯಸ್ಸಾದವರಿಗೆ ಶಾಲು ಹೊದಿಸಿ ಹಾರ ಹಾಕಿ ಫಲತಾಂಬೂಲ ಕೊಡುತ್ತೇವಲ್ಲ, ಆ ಥರ. ಸಿನಿಮಾ ನೋಡಿ, ಅರ್ಧಕ್ಕೇ ಮಿಸೆಸ್ ಮೂರ್ ಹಡಗು ಹತ್ತಿ ಹೋಗಿ ಸತ್ತೂ ಹೋಗುತ್ತಾರೆ. ಜೂಡಿ ಡೇವಿಸ್, ಅಜೀಜ್ ಆಗಿರುವ ವಿಕ್ಟರ್ ಬ್ಯಾನರ್ಜಿ ಇಬ್ಬರೂ ಕಥೆ ಪೂರ್ತಿ ಹೊರುತ್ತಾರೆ. ಪ್ರಶಸ್ತಿ ಮಾತ್ರ ಅಜ್ಜಿಗೆ.

ಇನ್ನು ಅಲೆಕ್ ಗಿನ್ನೆಸ್‌ಗೆ ಬಣ್ಣ ಬಳಿದು ಪ್ರೊಫೆಸರ್ ಗೋಡಬೋಲೆ ಮಾಡಿದ್ದನ್ನು ಈಗ ನೋಡೋಕಾಗಲ್ಲ ಬಿಡಿ.

ಪ್ರಾಂಪ್ಟರ್

ಗಿನ್ನೆಸ್ ವಿಷಯ ಒಪ್ಪಿದೆ. 1984ಕ್ಕೂ ಅದು ಹಳಸಲೇ. ಅವರ ದೃಶ್ಯಗಳಲ್ಲಿ ಎಷ್ಟೋ ಎಡಿಟಿಂಗ್‌ನಲ್ಲಿ ಹೋದವು, ಅದಕ್ಕೆ ಅವರಿಗೂ ಲೀನ್‌ಗೂ ಮುನಿಸಾಯಿತು.

ಆದರೆ ಅಜ್ಜಿ ವಿಷಯ ಒಪ್ಪಲ್ಲ. ಅರ್ಧಕ್ಕೇ ಹೋಗುತ್ತಾರೆ ಅಂದಿರಿ. ಹೋದ ಮೇಲೆ ಉಳಿದ ಸಿನಿಮಾ ಪೂರ್ತಿ ಎಲ್ಲರೂ ಅವರ ಹೆಸರನ್ನೇ ಹಿಡಿದುಕೊಂಡಿರುತ್ತಾರೆ. ಗುಹೆಯಲ್ಲಿ ಆದದ್ದಕ್ಕೆ ಅಜೀಜ್ ಮೇಲೆ ಕೇಸು ನಡೆಯುವಾಗ ಕೋರ್ಟಿನ ಹೊರಗೆ ಜನ ಆ ಹೆಸರನ್ನು ಮಂತ್ರದ ಹಾಗೆ ಕೂಗುತ್ತಾರೆ. ಮೊದಲರ್ಧದಲ್ಲಿ ಆ ನಟಿ ನಮ್ಮೊಳಗೆ ಇಳಿಯದೆ ಇದ್ದಿದ್ದರೆ ಆ ಕೂಗು ನಗೆಪಾಟಲಾಗುತ್ತಿತ್ತು.

ನಾನು ಮೈಸೂರಲ್ಲಿ ಹವ್ಯಾಸಿ ತಂಡವೊಂದರಲ್ಲಿ ವರ್ಷಗಟ್ಟಲೆ ವಿಂಗ್‌ನಲ್ಲಿ ನಿಂತು ಮಾತು ಎತ್ತಿಕೊಟ್ಟವಳು. ಅಲ್ಲಿಂದ ನೋಡಿದರೆ ಒಂದು ವಿಷಯ ಚೆನ್ನಾಗಿ ಕಾಣುತ್ತೆ. ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ತಮ್ಮ ಸರದಿಗೆ ಕಾಯುತ್ತಾರೆ ಅಂತ. ನಮ್ಮಲ್ಲೊಬ್ಬರಿದ್ದರು, ಹೆಸರು ಬೇಡ. ಒಳ್ಳೇ ಕಂಠ. ತಮ್ಮ ಡೈಲಾಗ್ ಮುಗಿದ ಕ್ಷಣಕ್ಕೆ ಮುಖ ಆಫ್ ಆಗುತ್ತಿತ್ತು, ಕರೆಂಟ್ ಹೋದ ಹಾಗೆ. ಪೆಗ್ಗಿ ಅದಕ್ಕೆ ಪೂರ್ತಿ ಉಲ್ಟಾ. ಮಸೀದಿ ದೃಶ್ಯವನ್ನು ಇನ್ನೊಂದು ಸಲ ನೋಡಿ, ಈ ಸಲ ಅಜೀಜ್ ಮಾತಾಡುವಾಗ ಆಕೆಯನ್ನು ಮಾತ್ರ ನೋಡಿ. ಅವನ ಮಾತು ಆಕೆಯ ಮುಖದ ಮೇಲೆ ಬಂದು ಕೂರುವುದು ಕಾಣುತ್ತೆ.

ಅವರ ಜೀವನವನ್ನೇ ಹಾಗೆ ನೋಡಬಹುದು ಅಂತ ನನ್ನ ಲೆಕ್ಕ. ಎದುರಿಗೆ ಯಾರು ನಿಂತಿದ್ದರು ಅನ್ನುವ ಪಟ್ಟಿ ಮಾಡಿದರೆ ಸಾಕು.

ಹಿಂದಿನಸಾಲು

ಪ್ರಾಂಪ್ಟರ್ ಮೇಡಂ, ಆ ಪಟ್ಟಿ ನಾನು ಶುರು ಮಾಡುತ್ತೇನೆ.

1930, ಲಂಡನ್ನಿನ ಸವಾಯ್ ಥಿಯೇಟರ್. ‘ಒಥೆಲೋ’. ಒಥೆಲೋ ಆಗಿ ಅಮೆರಿಕದ ಕಪ್ಪು ನಟ, ಹಾಡುಗಾರ ಪಾಲ್ ರಾಬ್ಸನ್. ಡೆಸ್ಡಿಮೋನಾ ಆಗಿ 22 ವರ್ಷದ ಪೆಗ್ಗಿ. ಎಮಿಲಿಯಾ ಆಗಿ ಸಿಬಿಲ್ ಥಾರ್ನ್‌ಡೈಕ್. ಆ ಕಾಲದ ಇಂಗ್ಲೆಂಡಿನಲ್ಲಿ ಆ ಪಾತ್ರವನ್ನು ಬಿಳಿಯರೇ ಮುಖಕ್ಕೆ ಬಣ್ಣ ಹಚ್ಚಿ ಮಾಡುತ್ತಿದ್ದರು. ಕಪ್ಪು ಗಂಡಸು ರಂಗದ ಮೇಲೆ ಬಿಳಿ ಹುಡುಗಿಗೆ ಮುತ್ತು ಕೊಡುತ್ತಾನೆ ಅನ್ನುವುದೇ ದೊಡ್ಡ ರಂಪವಾಯಿತು. ಪೆಗ್ಗಿಗೆ ಬೈಗುಳದ ಪತ್ರಗಳು ಬಂದವು. ವರ್ಣಭೇದ ಅಂದರೇನು ಅಂತ ಕಣ್ಣಾರೆ ಕಂಡಿದ್ದು ಆಗಲೇ ಅಂತ ಮುಂದೆ ಹೇಳಿಕೊಂಡಿದ್ದಾರೆ. ಕೊನೆವರೆಗೂ ಎಡಪಂಥದ ಕಡೆಗೇ ಇದ್ದರು. ಅದರ ಬೇರು ಇಲ್ಲಿದೆ ಅಂತ ನನ್ನ ಊಹೆ.

ಎರಡನೆಯದು 1935. ಇದು ಕಥೆ ಥರ ಇದೆ. ನಟ, ನಿರ್ದೇಶಕ ಜಾನ್ ಗೀಲ್‌ಗುಡ್ ‘ರೋಮಿಯೋ ಅಂಡ್ ಜೂಲಿಯೆಟ್’ ಮಾಡಿಸಿದರು, ನ್ಯೂ ಥಿಯೇಟರಿನಲ್ಲಿ. ಮೊದಲು ಒಲಿವಿಯೇ ರೋಮಿಯೋ, ಗೀಲ್‌ಗುಡ್ ಮರ್ಕ್ಯೂಷಿಯೋ. ಆರು ವಾರ ಕಳೆದ ಮೇಲೆ ಇಬ್ಬರೂ ಪಾತ್ರ ಅದಲು ಬದಲು. ಜೂಲಿಯೆಟ್ ಮಾತ್ರ ಅವಳೇ, ಪೆಗ್ಗಿ. ದಾದಿಯ ಪಾತ್ರಕ್ಕೆ ಈಡಿತ್ ಇವಾನ್ಸ್. ಒಟ್ಟು 186 ಪ್ರಯೋಗ ಆಯಿತು, ಆ ನಾಟಕಕ್ಕೆ ಅದು ದಾಖಲೆ.

ಒಲಿವಿಯೇ ಮೈಯೆಲ್ಲ ಬೆಂಕಿ, ಪದ್ಯವನ್ನು ಮಾತಿನ ಹಾಗೆ ಒಡೆದು ಹೇಳುವವರು. ಗೀಲ್‌ಗುಡ್ ಪದ್ಯವನ್ನು ಹಾಡಿನ ಹಾಗೆ ನೇಯುವವರು. ಯಾರು ಹೆಚ್ಚು ಅಂತ ಇಂದಿಗೂ ಜಗಳ ಇದೆ. ನಡುವೆ ನಿಂತವಳನ್ನು ಯಾರೂ ಕೇಳಲ್ಲ. ಅದೇ ಬಾಲ್ಕನಿ, ಅದೇ ಮಾತು, ಕೆಳಗೆ ನಿಂತಿರುವ ಹುಡುಗ ಮಾತ್ರ ಬೇರೆ. ಅವಳೂ ಅದಕ್ಕೆ ತಕ್ಕಂತೆ ಬೇರೆಯೇ ಆಗಬೇಕು.

ಒಂದು ತಮಾಷೆ: ಆ ನಾಟಕದಲ್ಲಿ ವಿಷ ಮಾರುವ ಔಷಧಿಯವನ ಚಿಕ್ಕ ಪಾತ್ರ ಮಾಡಿದ ತೆಳ್ಳನೆಯ ಹುಡುಗನೇ ಅಲೆಕ್ ಗಿನ್ನೆಸ್. ಸುಮಾರು 50 ವರ್ಷ ಆದ ಮೇಲೆ ಇಬ್ಬರೂ ಲೀನ್ ಸಿನಿಮಾದಲ್ಲಿ ಸಿಕ್ಕರು. ರೈಲು ಹೊರಡುವಾಗ ಪ್ಲಾಟ್‌ಫಾರಂ ಮೇಲೆ ನಿಂತ ಗೋಡಬೋಲೆ ಮಿಸೆಸ್ ಮೂರ್‌ಗೆ ಕೈ ಮುಗಿಯುವ ದೃಶ್ಯ ಬರುತ್ತಲ್ಲ, ಆ ಹಳೇ ಜೂಲಿಯೆಟ್ ನೆನಪಿಟ್ಟುಕೊಂಡು ಅದನ್ನು ನೋಡಿ.

ಸುಮ್ನೆಓದುವವಳು

ಮಾಮೂಲಿಯಾಗಿ ನಾನು ಬರೆಯಲ್ಲ, ಓದುತ್ತೇನೆ ಅಷ್ಟೇ. ಆದರೆ ಎರಡು ರೋಮಿಯೋ ಕಥೆ ಓದಿ ಮೈ ಜುಂ ಅಂತು. ಇದರ ವಿಡಿಯೋ ಏನಾದರೂ ಇದೆಯಾ?

ಹಿಂದಿನಸಾಲು

ಇಲ್ಲಮ್ಮ. ಅದೇ ಸಂಕಟ. ನಾಟಕ ಅವತ್ತು ರಾತ್ರಿಯದ್ದು, ಅವತ್ತಿಗೇ ಮುಗಿಯಿತು. ಆದರೆ ಅದೇ 1935ರಲ್ಲಿ ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’ನಲ್ಲಿ ಒಂದು ಚಿಕ್ಕ ಪಾತ್ರ ಮಾಡಿದ್ದಾರೆ, ಅದು ಸುಲಭವಾಗಿ ಸಿಗುತ್ತೆ. ನಿಮಗೆ ಆ ಕಾಲದ ಪೆಗ್ಗಿಯನ್ನು ನೋಡಬೇಕಾದರೆ ಅದೇ ದಾರಿ.

ಸ್ಕಾಟ್ಲೆಂಡಿನ ಒಂದು ಒಂಟಿ ಮನೆ. ಮುದಿ ಗಂಡ, ಜಿಪುಣ, ಬಾಯಲ್ಲಿ ಬರೀ ದೇವರು. ಹೆಂಡತಿ ಚಿಕ್ಕ ವಯಸ್ಸಿನವಳು, ಪಟ್ಟಣ ಬಿಟ್ಟು ಬಂದವಳು. ಪೊಲೀಸರಿಂದ ಓಡಿ ಬರುತ್ತಿರುವ ನಾಯಕ ಒಂದು ರಾತ್ರಿ ತಂಗಲು ಬರುತ್ತಾನೆ. ಅವನು ಲಂಡನ್ನಿನವನು ಅಂತ ತಿಳಿದ ಕೂಡಲೇ ಅವಳ ಪ್ರಶ್ನೆ: ಅಲ್ಲಿನ ಹೆಂಗಸರು ಕಾಲಿನ ಉಗುರಿಗೂ ಬಣ್ಣ ಹಚ್ಚುತ್ತಾರಂತೆ, ನಿಜವಾ? ಬರೀ ಅಷ್ಟೇ ಕೇಳುವುದು. ಅವಳ ಮದುವೆ ಹೇಗಿದೆ, ಅವಳು ಏನೇನು ಬಿಟ್ಟು ಬಂದಳು, ಎಲ್ಲಾ ಆ ಒಂದು ಪ್ರಶ್ನೆಯಲ್ಲೇ ಬಂದುಬಿಡುತ್ತೆ.

ಧಾರವಾಡಪೇಡ

ನೋಡ್ರಿ, ನಾ ಕೇಳೋದು ಬೇರೆ. ಇಷ್ಟು ಹೆಸರು ಮಾಡಿದ ಮೇಲೆ ಸಿನಿಮಾದವರು ಬಿಡುತ್ತಿರಲಿಲ್ಲವಲ್ಲ? ಒಲಿವಿಯೇ ಹಾಲಿವುಡ್‌ಗೆ ಹೋದರು, ಗಿನ್ನೆಸ್ ‘ಸ್ಟಾರ್ ವಾರ್ಸ್’ ತನಕ ಹೋದರು. ಈಕೆ ಯಾಕೆ ಹೋಗಲಿಲ್ಲ?

ಪ್ರಾಂಪ್ಟರ್

ಒಂದು ಕಾರಣ, ತಂಡದ ಹುಚ್ಚು. ಒಂದೊಂದು ನಾಟಕಕ್ಕೆ ಒಂದೊಂದು ಗುಂಪು ಸೇರಿ ಚದುರುವುದು ಆಕೆಗೆ ಇಷ್ಟ ಇರಲಿಲ್ಲ. ಅದೇ ನಟರು ವರ್ಷಾನುಗಟ್ಟಲೆ ಒಟ್ಟಿಗೆ ಇದ್ದು, ಇವತ್ತು ರಾಣಿ, ನಾಳೆ ಮನೆಕೆಲಸದವಳು ಆಗಬೇಕು ಅನ್ನುವುದು ಆಸೆ. 1932-33ರಲ್ಲಿ ಲಂಡನ್ನಿನ ಓಲ್ಡ್ ವಿಕ್ ಥಿಯೇಟರಿನಲ್ಲಿ ಒಂದೇ ಸೀಸನ್ನಿನಲ್ಲಿ ಶೇಕ್ಸ್‌ಪಿಯರನ ಪೋರ್ಷಿಯಾ, ರೊಸಲಿಂಡ್, ಇಮೋಜೆನ್, ಜೂಲಿಯೆಟ್, ಮಿರಾಂಡಾ ಎಲ್ಲಾ ಮಾಡಿದ್ದರು. 1937-38ರಲ್ಲಿ ಗೀಲ್‌ಗುಡ್ ಕ್ವೀನ್ಸ್ ಥಿಯೇಟರಿನಲ್ಲಿ ತಂಡ ಕಟ್ಟಿದಾಗ ಅಲ್ಲಿಗೆ ಹೋದರು. ಚೆಕಾಫನ ‘ಮೂವರು ಅಕ್ಕತಂಗಿಯರು’ ನಾಟಕದಲ್ಲಿ ಇರೀನಾ ಆಗಿದ್ದು ಅಲ್ಲೇ.

ಈ ವಿಷಯದಲ್ಲಿ ದೊಡ್ಡದು ನಡೆದದ್ದು 1960ರ ಹೊತ್ತಿಗೆ. ಪೀಟರ್ ಹಾಲ್ ಅನ್ನುವ ಹುಡುಗ, ಇನ್ನೂ ಮೂವತ್ತೂ ತುಂಬಿಲ್ಲ, ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಕಾಯಂ ಕಂಪನಿ ಕಟ್ಟುತ್ತೇನೆ ಅಂತ ಹೊರಟ. ಅದೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ. (ನಮಗೆ ಕಂಪನಿ ನಾಟಕ ಅಂದ ಕೂಡಲೇ ಡೇರೆ, ಹಾರ್ಮೋನಿಯಂ ನೆನಪಾಗುತ್ತೆ. ಇದು ಹೆಚ್ಚುಕಮ್ಮಿ ರೆಪರ್ಟರಿ.) ಹಾಲ್ ಮೊದಲು ಹೋಗಿ ಕೇಳಿದ್ದು ಪೆಗ್ಗಿಯನ್ನು. ಆಗಲೇ ಅವರು ಡೇಮ್ ಪೆಗ್ಗಿ, 1956ರಲ್ಲೇ ಆ ಬಿರುದು ಬಂದಿತ್ತು. ಆ ಹುಡುಗನ ಮೇಲೆ ಭರವಸೆ ಇಟ್ಟು ಹೂಂ ಅಂದರು. ಆಕೆ ಹೂಂ ಅಂದಿದ್ದು ಉಳಿದವರಿಗೆ ಗ್ಯಾರಂಟಿ ಕಾರ್ಡ್ ಥರ ಆಯಿತು.

ಮೊದಲ ವರ್ಷವೇ ಏನು ಮಾಡಿದರು ಗೊತ್ತಾ? ‘ಟೇಮಿಂಗ್ ಆಫ್ ದಿ ಶ್ರೂ’ನಲ್ಲಿ ಕ್ಯಾಥರೀನಾ. ಅವರಿಗೆ 52 ವರ್ಷ. ಎದುರಿಗೆ ಪೀಟರ್ ಓಟೂಲ್, 27 ವರ್ಷ!

ನೇರಮಾತು

ನಮ್ಮಲ್ಲಿ ಹೀರೋಗೆ 52, ಹೀರೋಯಿನ್‌ಗೆ 27 ಆಗಿದ್ದಿದ್ದರೆ ಯಾರೂ ಆಶ್ಚರ್ಯಚಿಹ್ನೆ ಹಾಕುತ್ತಿರಲಿಲ್ಲ.

ಪ್ರಾಂಪ್ಟರ್

ಹಹ. ಮೊದಲ ಸಲ ನಿಮ್ಮ ಮಾತು ಪೂರ್ತಿ ಒಪ್ಪಿದೆ.

ಹಿಂದಿನಸಾಲು

ಕ್ರಾಯ್ಡನ್‌ನವರು ಕೇಳಿದ್ದ ‘ಮುಂದಿನ ವರ್ಷದ’ ಪಾತ್ರಕ್ಕೆ ಬರುತ್ತೇನೆ. 1963, ಸ್ಟ್ರಾಟ್‌ಫರ್ಡ್. ಶೇಕ್ಸ್‌ಪಿಯರನ ‘ಆರನೇ ಹೆನ್ರಿ’ಯ ಮೂರು ಭಾಗ ಮತ್ತು ‘ಮೂರನೇ ರಿಚರ್ಡ್’, ಒಟ್ಟು ನಾಲ್ಕು ನಾಟಕ. ಜಾನ್ ಬಾರ್ಟನ್ ಅವನ್ನು ಕತ್ತರಿಸಿ, ಹೊಲಿದು, ಕೆಲವು ಕಡೆ ತಾವೇ ಸಾಲು ಬರೆದು ಮೂರು ಮಾಡಿದರು. ಹೆಸರು ‘ದಿ ವಾರ್ಸ್ ಆಫ್ ದಿ ರೋಸಸ್’. ಮೂರರಲ್ಲೂ ಬರುವ ಹೆಂಗಸು ರಾಣಿ ಮಾರ್ಗರೆಟ್. ಶುರುವಿನಲ್ಲಿ ಫ್ರಾನ್ಸಿನ ಹರೆಯದ ಹುಡುಗಿ, ಕೊನೆಯಲ್ಲಿ ಎಲ್ಲರನ್ನೂ ಕಳೆದುಕೊಂಡು ಶಾಪ ಹಾಕುತ್ತಾ ಅಲೆಯುವ ಮುದುಕಿ. ಪೆಗ್ಗಿಗೆ ಆಗ 55.

ಇದನ್ನು ಬಿಬಿಸಿ 1965ರಲ್ಲಿ ಟೀವಿಗೆ ತಂದಿತು. ಹಾಗಾಗಿ ಇದು ಉಳಿದಿದೆ. ಸುಮ್ನೆಓದುವವಳು ಅವರೇ, ಇದು ನಿಮಗೆ.

ಯಾರ್ಕ್ ಡ್ಯೂಕನನ್ನು ಕೊಲ್ಲುವ ದೃಶ್ಯ ಮಾತ್ರ ಹೇಳುತ್ತೇನೆ. ಯಾರ್ಕ್ ಆಗಿ ಡೊನಾಲ್ಡ್ ಸಿಂಡನ್. ಸೆರೆ ಸಿಕ್ಕ ಅವನನ್ನು ಮಣ್ಣಿನ ಗುಡ್ಡೆ ಮೇಲೆ ನಿಲ್ಲಿಸಿ, ಕಾಗದದ ಕಿರೀಟ ಹಾಕಿ, ಅವನ ಚಿಕ್ಕ ಮಗನ ರಕ್ತದಲ್ಲಿ ಅದ್ದಿದ ಕರ್ಚೀಫು ಕೊಟ್ಟು ಕಣ್ಣೊರೆಸಿಕೋ ಅನ್ನುತ್ತಾಳೆ ಮಾರ್ಗರೆಟ್. ಇದನ್ನು ರಾಕ್ಷಸಿ ಥರ ಮಾಡುವುದು ಸುಲಭ. ಪೆಗ್ಗಿ ಹಾಗೆ ಮಾಡಲ್ಲ. ನಗು ಬರುತ್ತೆ. ಆ ನಗು ಅವಳ ಕೈ ಮೀರಿ ಹೋಗುತ್ತೆ. ಗೆದ್ದವಳೇ ಒಡೆದು ಹೋಗುತ್ತಿದ್ದಾಳೆ ಅನ್ನಿಸುತ್ತೆ. ಯಾರ್ಕ್ ಮಾತಾಡುವ ಅಷ್ಟು ಹೊತ್ತೂ ಅವಳು ಬಿಟ್ಟಕಣ್ಣು ಬಿಟ್ಟು ಕೇಳುತ್ತಾಳೆ. ಪ್ರಾಂಪ್ಟರ್ ಹೇಳಿದ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಡ.

ನೇರಮಾತು

ಸರಿ, ನಿಮ್ಮ ‘ಎದುರಿಗಿದ್ದವರ ಪಟ್ಟಿ’ಗೆ ನನ್ನದೊಂದು ಪ್ರಶ್ನೆ. ಬೆಕೆಟ್‌ನ ‘ಹ್ಯಾಪಿ ಡೇಸ್’ ನಾಟಕ ಕೂಡ ಅವರೇ ಮಾಡಿದ್ದು ಅಲ್ವಾ? ನ್ಯಾಷನಲ್ ಥಿಯೇಟರಿಗೆ, 1975ರಲ್ಲಿ, ಅದೇ ಪೀಟರ್ ಹಾಲ್ ನಿರ್ದೇಶನ. ಅಲ್ಲಿ ಎದುರಿಗೆ ಯಾರಿದ್ದಾರೆ? ವಿನ್ನಿ ಅನ್ನುವ ಹೆಂಗಸು ಮೊದಲ ಅಂಕದಲ್ಲಿ ಸೊಂಟದ ತನಕ ಮಣ್ಣಿನಲ್ಲಿ ಹೂತಿರುತ್ತಾಳೆ, ಎರಡನೇ ಅಂಕದಲ್ಲಿ ಕತ್ತಿನ ತನಕ. ಗಂಡ ದಿಬ್ಬದ ಹಿಂದೆ ಎಲ್ಲೋ ಬಿದ್ದಿರುತ್ತಾನೆ, ಆಗೊಂದು ಈಗೊಂದು ಮಾತು. ಪೂರ್ತಿ ನಾಟಕ ಅವಳೊಬ್ಬಳದ್ದೇ. ನಿಮ್ಮ ಸಿದ್ಧಾಂತ ಅಲ್ಲಿಗೆ ಠುಸ್.

ಪ್ರಾಂಪ್ಟರ್

ಒಳ್ಳೇ ಪ್ರಶ್ನೆ. ಎರಡು ದಿನ ಯೋಚನೆ ಮಾಡಿದೆ.

ಆ ನಾಟಕದಲ್ಲಿ ವಿನ್ನಿಗೆ ಒಂದು ದೊಡ್ಡ ಬ್ಯಾಗ್ ಇರುತ್ತೆ. ಹಲ್ಲುಜ್ಜುವ ಬ್ರಷ್, ಕನ್ನಡಿ, ಔಷಧಿ ಬಾಟಲಿ, ಕೊನೆಗೆ ಒಂದು ರಿವಾಲ್ವರ್. ಒಂದೊಂದೇ ತೆಗೆಯುತ್ತಾಳೆ, ನೋಡುತ್ತಾಳೆ, ಬ್ರಷ್ ಹಿಡಿಕೆ ಮೇಲಿನ ಸಣ್ಣ ಅಕ್ಷರ ಓದಲು ಪರದಾಡುತ್ತಾಳೆ. ನಮ್ಮ ತಂಡದಲ್ಲಿ ಒಮ್ಮೆ ಇದರ ಒಂದು ಭಾಗವನ್ನು ತಾಲೀಮಿಗೆ ತೆಗೆದುಕೊಂಡಿದ್ದೆವು. ಮಾಡಿದವಳಿಗೆ ಕಷ್ಟ ಆಗಿದ್ದು ಮಾತು ಬಾಯಿಪಾಠ ಮಾಡುವುದಲ್ಲ. ಬ್ರಷ್ ಜೊತೆ, ಕನ್ನಡಿ ಜೊತೆ, ಹಿಂದೆ ಇರುವ ಕಾಣದ ಗಂಡನ ಜೊತೆ ಇರುವುದು. ಅವನ ಒಂದು ಗೊಣಗಾಟ ಕೇಳಿದರೆ ದಿನವೇ ಹಬ್ಬ ಅನ್ನುವ ಹಾಗೆ ಮುಖ ಅರಳಬೇಕು. ಕೇಳಿಸಿಕೊಳ್ಳಲು ಬಾರದವರು ಆ ಪಾತ್ರ ಮುಟ್ಟಲೇಬಾರದು ಅಂತ ಅವತ್ತು ಗೊತ್ತಾಯಿತು.

ಹಾಗಾಗಿ ಠುಸ್ ಇಲ್ಲ. ಸ್ವಲ್ಪ ಗಾಳಿ ಹೋಗಿದೆ ಅಂತ ಬೇಕಾದರೆ ಒಪ್ಪುತ್ತೇನೆ.

ನೇರಮಾತು

ಪಂಚರ್ ಹಾಕಿದ್ದೀರಿ. ಓಡಲಿ.

ಆದರೂ ಹೇಳುತ್ತೇನೆ, ಎಲ್ಲಾ ಪಾತ್ರವೂ ಒಪ್ಪುತ್ತಿರಲಿಲ್ಲ ಅವರಿಗೆ. 1953ರಲ್ಲಿ ಮೈಕಲ್ ರೆಡ್‌ಗ್ರೇವ್ ಜೊತೆ ಮಾಡಿದ ಕ್ಲಿಯೋಪಾತ್ರಾ ಬಗ್ಗೆ ಆಗಲೇ ಎರಡು ಮಾತಿತ್ತು. ಈಜಿಪ್ಟಿನ ರಾಣಿಗೆ ಬೇಕಾದ ಆ ವಯ್ಯಾರ ಈ ಇಂಗ್ಲಿಷ್ ಮುಖಕ್ಕೆ ಬರಲ್ಲ ಅಂದವರಿದ್ದರು.

ಹಿಂದಿನಸಾಲು

ಇದ್ದರು, ಸುಳ್ಳಲ್ಲ. ಆದರೆ ಅದರ ಮರುವರ್ಷವೇ ಇಬ್ಸೆನ್ನನ ‘ಹೆಡ್ಡಾ ಗ್ಯಾಬ್ಲರ್’ ಮಾಡಿದರು, ಅದನ್ನು ನಾರ್ವೆಗೂ ಒಯ್ದರು. ಇಬ್ಸೆನ್ ಊರಿನವರ ಮುಂದೆಯೇ ಇಬ್ಸೆನ್! ಅಲ್ಲಿನ ರಾಜರು ಪದಕ ಕೊಟ್ಟು ಕಳಿಸಿದರು. ಕ್ಲಿಯೋಪಾತ್ರಾ ಲೆಕ್ಕ ಅಲ್ಲಿಗೆ ಚುಕ್ತಾ ಅಂದುಕೊಳ್ಳಿ.

ಧಾರವಾಡಪೇಡ

ಭಾರತದ ನಂಟಿನ ಬಗ್ಗೆ ಯಾರಾದರೂ ಬರೀರಿ. ಬರೀ ಲೀನ್ ಸಿನಿಮಾ ಒಂದೇ ಅಲ್ಲ ಅಂತ ಕೇಳಿದ್ದೆ.

ಕ್ರಾಯ್ಡನ್‌ಕನ್ನಡಿಗ

ಈ ನಾಲ್ಕು ದಿನದಲ್ಲಿ ಅವರದ್ದು ಸಿಕ್ಕಿದ್ದೆಲ್ಲ ನೋಡಿದ್ದೇನೆ, ಹೆಂಡತಿ ಬೈಯುತ್ತಿದ್ದಾಳೆ. ಹೇಳುತ್ತೇನೆ.

ಮೊದಲು 1978ರ ‘ಹಲ್ಲಾಬಲೂ ಓವರ್ ಜಾರ್ಜೀ ಅಂಡ್ ಬಾನೀಸ್ ಪಿಕ್ಚರ್ಸ್’. ಮರ್ಚೆಂಟ್-ಐವರಿ ಜೋಡಿಯ ಸಿನಿಮಾ, ಜೋಧಪುರದಲ್ಲಿ ತೆಗೆದದ್ದು. ಮಹಾರಾಜರ ಮನೆಯ ಹಳೇ ಚಿತ್ರಗಳನ್ನು ಹೊಡೆದುಕೊಳ್ಳಲು ಬರುವ ಕಿಲಾಡಿ ಇಂಗ್ಲಿಷ್ ಹೆಂಗಸು ಪೆಗ್ಗಿ. ಅದರಲ್ಲಿ ಮಹಾರಾಜ ಯಾರು ಗೊತ್ತಾ? ವಿಕ್ಟರ್ ಬ್ಯಾನರ್ಜಿ. ಅಂದರೆ ಮಸೀದಿಯಲ್ಲಿ ಸಿಗುವ ಮುಂಚೆಯೇ ಅವರಿಬ್ಬರಿಗೂ ಪರಿಚಯ ಇತ್ತು.

ಆಮೇಲೆ 1984ರ ಶುರುವಿನಲ್ಲಿ ಟೀವಿಯಲ್ಲಿ ಬಂದ ‘ದಿ ಜ್ಯುವೆಲ್ ಇನ್ ದಿ ಕ್ರೌನ್’, 14 ಕಂತು. ಬ್ರಿಟಿಷರು ಗಂಟುಮೂಟೆ ಕಟ್ಟುವ ಕಾಲದ ಕಥೆ. ಇದರಲ್ಲಿ ಬಾರ್ಬಿ ಬ್ಯಾಚಲರ್ ಅನ್ನುವ ನಿವೃತ್ತ ಮಿಷನ್ ಶಾಲೆ ಟೀಚರ್. ಬೆಟ್ಟದೂರಿನ ಒಂದು ಬಂಗಲೆಯಲ್ಲಿ ಬಾಡಿಗೆಗೆ ಇರಲು ಬರುತ್ತಾಳೆ. ಒಂದೇ ಸಮನೆ ಮಾತಾಡುತ್ತಾಳೆ. ಯಾರಿಗೂ ಬೇಡದವಳು. ಅಲ್ಲಿನ ದೊಡ್ಡ ಮನೆತನದ ಬಿಳಿಯರಿಗೂ ಅವಳು ಕೀಳು. ಅವಳ ಆಸ್ತಿ ಅಂದರೆ ಒಂದು ದೊಡ್ಡ ಟ್ರಂಕು, ಹಳೇ ಸಾಮಾನು ತುಂಬಿದ್ದು. ಅದನ್ನು ಎಲ್ಲಿ ಇಡುವುದು ಅನ್ನುವುದೇ ಅವಳ ಜೀವನದ ಚಿಂತೆ. ಕೊನೆಯಲ್ಲಿ ಆಸ್ಪತ್ರೆಯಲ್ಲಿ ಮಾತು ನಿಂತುಹೋಗುತ್ತೆ. ಅಷ್ಟು ಮಾತಾಡುತ್ತಿದ್ದವಳು! ನನಗೆ ಮಿಸೆಸ್ ಮೂರ್‌ಗಿಂತ ಬಾರ್ಬಿಯೇ ಜಾಸ್ತಿ ಕಾಡಿದಳು. ನನ್ನ ಅತ್ತೆಯೊಬ್ಬರು ನೆನಪಾದರು, ಅದು ಇಲ್ಲಿ ಬೇಡ. ಬಾರ್ಬಿ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು.

ಅದರ ಶೂಟಿಂಗಿಗೆ ತಿಂಗಳುಗಟ್ಟಲೆ ಭಾರತದಲ್ಲಿದ್ದು ಸುಸ್ತಾಗಿ ಹೋಗಿದ್ದಾಗ ಲೀನ್ ಕರೆ ಬಂತು, ಮತ್ತೆ ಭಾರತಕ್ಕೆ ಬನ್ನಿ ಅಂತ. ನನಗೆ 75 ವರ್ಷ ಅಂತ ನೆಪ ಹೇಳಿದರಂತೆ. ನನಗೂ ಅಷ್ಟೇ ಅಂದರಂತೆ ಲೀನ್. ನಿಜ, ಇಬ್ಬರಿಗೂ ಮೂರು ತಿಂಗಳಷ್ಟೇ ವ್ಯತ್ಯಾಸ.

ಬಂಡೆಮೇಲೆ

ಇಷ್ಟೆಲ್ಲಾ ಬರೆದಿದ್ದೀರಿ, ನಾನು ಓದುತ್ತಾ ಕೂತುಬಿಟ್ಟೆ. ನಮ್ಮ ಕಡೆಯ ಭಾಗ ನಾನು ಹೇಳುತ್ತೇನೆ.

ಸಿನಿಮಾದ ಮರಾಬಾರ್‌ಗೆ ಮೂಲವಾದ ನಿಜವಾದ ಬರಾಬರ್ ಗುಹೆಗಳು ಬಿಹಾರದ ಗಯಾ ಹತ್ತಿರ ಇವೆ. ಲೀನ್ ಹೋಗಿ ನೋಡಿದರಂತೆ, ಕ್ಯಾಮೆರಾಕ್ಕೆ ಸಪ್ಪೆ ಅನ್ನಿಸಿತಂತೆ. ಅದಕ್ಕೆ ಸಾವನದುರ್ಗ, ರಾಮದೇವರಬೆಟ್ಟ ಹಿಡಿದರು. ಗುಹೆ ಬಾಯಿಗಳನ್ನು ಸಿನಿಮಾದವರೇ ಕಲ್ಲಿನಲ್ಲಿ ಕೊರೆಸಿದರು. ಕಥೆಯ ಚಂದ್ರಾಪುರ ಪೇಟೆ ಎದ್ದಿದ್ದು ಬೆಂಗಳೂರು ಅರಮನೆ ಮೈದಾನದಲ್ಲಿ. ಬೆಟ್ಟ ಹತ್ತುವ ರೈಲು ನಮ್ಮ ನೀಲಗಿರಿಯದ್ದು. 1983ರ ನವೆಂಬರಿನಿಂದ ಮುಂದಿನ ಜೂನ್ ತನಕ ಶೂಟಿಂಗ್.

ನಿನ್ನೆ ಬೆಳಿಗ್ಗೆ ಬೆಟ್ಟಕ್ಕೆ ಹೋಗಿದ್ದೆ. ಹತ್ತು ಗಂಟೆಗೇ ಬಂಡೆ ಕಾದು ಅಂಗೈ ಇಡಲಾಗುತ್ತಿರಲಿಲ್ಲ. ಸಿನಿಮಾದಲ್ಲಿ ಅಜ್ಜಿ ಗುಹೆಯಿಂದ ಉಸಿರು ಕಟ್ಟಿ ಹೊರಗೆ ಬಂದು ಕುರ್ಚಿಯಲ್ಲಿ ಕೂತು, ಇನ್ನು ನನ್ನ ಕೈಲಾಗಲ್ಲ ಅನ್ನುವ ಮುಖ ಮಾಡುತ್ತಾರಲ್ಲ, 76ರ ವಯಸ್ಸಿಗೆ ಆ ಬಿಸಿಲಲ್ಲಿ ಎಷ್ಟು ನಟನೆ ಎಷ್ಟು ನಿಜ ಅಂತ ಅನುಮಾನ ಬಂತು. ಪ್ರಾಂಪ್ಟರ್ ಅವರ ಪಟ್ಟಿಗೆ ನಮ್ಮ ಬಂಡೆಯನ್ನೂ ಸೇರಿಸಿಕೊಳ್ಳಿ. ಆ ದೃಶ್ಯದಲ್ಲಿ ಆಕೆಯ ಎದುರಿಗೆ ಇರುವುದು ಅದೊಂದೇ.

ಪ್ರಾಂಪ್ಟರ್

ಸೇರಿಸಿದೆ. ರಾಬ್ಸನ್, ಒಲಿವಿಯೇ, ಗೀಲ್‌ಗುಡ್, ಓಟೂಲ್, ರಾಮನಗರದ ಬಂಡೆ.

ಸುಮ್ನೆಓದುವವಳು

ಆಸ್ಕರ್ ತೆಗೆದುಕೊಂಡ ವಿಡಿಯೋ ಹುಡುಕಿದೆ. ಅವರೇ ಬಂದಿಲ್ಲ! ಏಂಜೆಲಾ ಲ್ಯಾನ್ಸ್‌ಬರಿ ಬಂದು ತೆಗೆದುಕೊಂಡಿದ್ದಾರೆ. ನಾಟಕದ ಕೊನೆಯ ಪಾತ್ರ ಯಾವುದು?

ಹಿಂದಿನಸಾಲು

ಶೇಕ್ಸ್‌ಪಿಯರನ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ನಲ್ಲಿ ಕೌಂಟೆಸ್. 1981ರಲ್ಲಿ ಸ್ಟ್ರಾಟ್‌ಫರ್ಡ್, ಮರುವರ್ಷ ಲಂಡನ್. ನಿರ್ದೇಶನ ಟ್ರೆವರ್ ನನ್. ಆಮೇಲೆ ಕ್ಯಾಮೆರಾ ಮುಂದೆಯೇ. 1989ರಲ್ಲಿ ‘ಶೀಸ್ ಬೀನ್ ಅವೇ’ ಅಂತ ಒಂದು ಬಿಬಿಸಿ ಚಿತ್ರ. ವರ್ಷಾನುಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಟ್ಟಿದ್ದ ಮುದುಕಿ ಹೊರಗೆ ಬರುತ್ತಾಳೆ. ಮಾತು ಬಹಳ ಕಮ್ಮಿ, ಸುಮ್ಮನೆ ನೋಡುತ್ತಾ ಕೂರುವುದೇ ಕೆಲಸ. ಪೀಟರ್ ಹಾಲ್ ಅದಕ್ಕೂ ನಿರ್ದೇಶಕರು. ಅದಕ್ಕೆ ವೆನಿಸ್ ಉತ್ಸವದ ಪ್ರಶಸ್ತಿ ಬಂತು, ಜೊತೆ ನಟಿ ಜೆರಾಲ್ಡೀನ್ ಜೇಮ್ಸ್ ಜೊತೆ ಹಂಚಿಕೊಂಡರು.

1991ರ ಜೂನ್ 14ರಂದು ತೀರಿಕೊಂಡರು, 83 ವರ್ಷ.

ಕ್ರಾಯ್ಡನ್‌ಕನ್ನಡಿಗ

ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್ ಇದ್ದ ನ್ಯೂ ಪ್ಲೇಸ್ ಜಾಗದ ತೋಟದಲ್ಲಿ ಒಂದು ಹಿಪ್ಪುನೇರಳೆ ಮರ ಇದೆ. 1969ರಲ್ಲಿ ಪೆಗ್ಗಿಯೇ ನೆಟ್ಟದ್ದು. ಅವರ ಬೂದಿಯನ್ನು ಅದರ ಸುತ್ತಲೇ ಹಾಕಿದರು. ಹಿಪ್ಪುನೇರಳೆ ಅಂದರೆ ನಿಮ್ಮ ರಾಮನಗರದವರಿಗೆ ನಾನು ಹೇಳಬೇಕಾ? ಮುಂದಿನ ರಜಕ್ಕೆ ಹೋಗಿ ಬರುತ್ತೇನೆ. ಮೈಸೂರಿಗೆ ಬಂದಾಗ ಪ್ರಾಂಪ್ಟರ್ ಅವರ ನಾಟಕಕ್ಕೆ ಟಿಕೆಟ್ ಸಿಗುತ್ತಾ?

ಪ್ರಾಂಪ್ಟರ್

ಟಿಕೆಟ್ ಯಾಕೆ, ಜನ ಬಂದರೆ ಸಾಕು, ಕಾಫಿ ನಾವೇ ಕೊಡಿಸುತ್ತೇವೆ.

ಬಂಡೆಮೇಲೆ

ನಿನ್ನೆ ರಾತ್ರಿ ಅಮ್ಮನಿಗೆ ‘39 ಸ್ಟೆಪ್ಸ್’ ಹಾಕಿದೆ. ಕಪ್ಪು ಬಿಳುಪು ಅಂತ ಮೊದಲು ಗೊಣಗಿದರು. ಪೊಲೀಸರು ಬಂದಾಗ ಆ ಹುಡುಗಿ ಗಂಡನ ಕೋಟನ್ನೇ ಎತ್ತಿ ಓಡುವವನಿಗೆ ಕೊಟ್ಟು ಕಳಿಸುತ್ತಾಳೆ. ಅವನ ಎದೆಗೆ ಬಿದ್ದ ಗುಂಡು ಆ ಕೋಟಿನ ಜೇಬಿನಲ್ಲಿದ್ದ ಭಕ್ತಿಗೀತೆಗಳ ಪುಸ್ತಕಕ್ಕೆ ತಗುಲಿ ಅವನು ಬದುಕುತ್ತಾನೆ. ಇತ್ತ ಕಡೆ ಗಂಡ ಕೋಟು ಎಲ್ಲಿ ಅಂತ ಕೇಳುತ್ತಾನೆ, ಕೊಟ್ಟುಬಿಟ್ಟೆ ಅನ್ನುತ್ತಾಳೆ, ಅವಳ ಚೀರಾಟ ಕೇಳುತ್ತೆ. ಅಷ್ಟೇ, ಮತ್ತೆ ಅವಳನ್ನು ತೋರಿಸಲ್ಲ. ಕಥೆ ನಾಯಕನ ಹಿಂದೆ ಓಡುತ್ತೆ.

ಸಿನಿಮಾ ಪೂರ್ತಿ ಮುಗಿಯಿತು. ಹಂತಕರು ಸಿಕ್ಕಿಬಿದ್ದರು, ನಾಯಕ ನಾಯಕಿ ಕೈ ಕೈ ಹಿಡಿದುಕೊಂಡರು. ನಾನು ಲೈಟ್ ಹಾಕಿದೆ. ಅಮ್ಮ ಎದ್ದೇಳಲಿಲ್ಲ.

"ಆ ಹುಡುಗಿ ಏನಾದ್ಳು?" ಅಂದರು.